ಮೂರು ಬೆರಳಿನ ಬಾಗಿಲು

ಬಾಗಿಲನ್ನು ತೆರೆಯುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಲಘುವಾಗಿ ಕಂಡ ಸಮಾಜ ಉದ್ಧಾರವಾದದ್ದನ್ನು ಯಾರೂ ಕಂಡಿಲ್ಲ. ಇಂದಿನ ಜನ ಬಾಗಿಲೆಂದರೆ ಮರದ ಹಲಗೆಯೆಂದು ತಿಳಿದಿದ್ದಾರೆ. ತಳ್ಳಿದರೆ ತೆರೆಯಬೇಕು, ಎಳೆದರೆ ಮುಚ್ಚಬೇಕು, ಅಲ್ಲಿಗೆ ಅವರ ತತ್ತ್ವವಿಚಾರ ಮುಗಿಯಿತು. ಬಾಗಿಲೆಂಬುದು ಒಂದು ತೀರ್ಪು ಎಂಬುದನ್ನು ಅರಿತವರು ನಮಗೆ ತಿಳಿದಂತೆ ಒಬ್ಬರೇ. ಅರಿತ ತಪ್ಪಿಗೆ ಅವರು ಒಂದು ರಾತ್ರಿ ತಮ್ಮದೇ ಅಡುಗೆಕೋಣೆಯ ಕಿಟಕಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು ನೇತಾಡಬೇಕಾಯಿತು. ಲೋಕ ಸತ್ಯವಂತರನ್ನು ನಡೆಸಿಕೊಳ್ಳುವ ರೀತಿಯೇ ಇದು.

ಅವರನ್ನು ಎಲ್ಲರೂ ವಿಚಾರಣೆಯವರು ಎಂದು ಕರೆಯುತ್ತಿದ್ದರು. ಬಸ್ ನಿಲ್ದಾಣದಲ್ಲಿ ‘ವಿಚಾರಣೆ’ ಎಂಬ ಫಲಕದ ಕೆಳಗೆ, ಅಂಗೈ ಅಗಲದ ಕಿಂಡಿಯ ಹಿಂದೆ ಕುಳಿತು ಅವರು ತಲೆಗೂದಲು ನರೆಯುವವರೆಗೆ ಜನರ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರು. “ಬಸ್ಸು ಹೋಯ್ತಾ?” “ಹೋಯ್ತು.” “ಇನ್ನೊಂದಿದ್ಯಾ?” “ಇಲ್ಲ.” ಇರಬಹುದು, ನೋಡೋಣ, ಹೇಳಕ್ಕಾಗಲ್ಲ ಎಂಬ ಪುಕ್ಕಲು ಮಾತುಗಳು ಆ ಕಿಂಡಿಯಿಂದ ಹೊರಬಿದ್ದದ್ದೇ ಇಲ್ಲ. ಮದುವೆಯ ಮಾತು ಬಂದಾಗಲೂ ಅವರು ಹುಡುಗಿಯ ಮುಖಕ್ಕೇ “ಹೌದೋ ಇಲ್ಲವೋ ಈಗಲೇ ಹೇಳಿ” ಎಂದಿದ್ದರಂತೆ. ಆಕೆ ಈಗಲೇ ಹೇಳಿದ್ದಳು.

ಹೀಗಿರಲು ಕಿಂಡಿಯ ನೆತ್ತಿಯ ಮೇಲೆ ಕೆಂಪು ಅಕ್ಷರಗಳ ದೊಡ್ಡ ಪರದೆಯೊಂದು ಬಂದು ಕೂತಿತು. ಬಸ್ಸುಗಳ ವೇಳೆಯನ್ನೆಲ್ಲ ಅದೇ ತೋರಿಸತೊಡಗಿತು. ಜನ ಕಿಂಡಿಯ ಮುಂದೆಯೇ ನಿಂತು, ಕತ್ತೆತ್ತಿ, ವಿಚಾರಣೆಯವರ ತಲೆಯ ಮೇಲಿನ ಗಾಳಿಯನ್ನು ನೋಡಿ ಹೊರಟುಹೋಗುತ್ತಿದ್ದರು. ಶೌಚಾಲಯ ಎಲ್ಲಿದೆ ಎಂಬ ಒಂದು ಪ್ರಶ್ನೆ ಮಾತ್ರ ಅವರ ಪಾಲಿಗೆ ಉಳಿದಿತ್ತು. ಆಮೇಲೆ ಅದಕ್ಕೂ ಗೋಡೆಯ ಮೇಲೆ ಬಾಣದ ಗುರುತು ಬಂತು. ಯಾರಾದರೂ ತನ್ನನ್ನು ಏನಾದರೂ ಕೇಳಬೇಕು, ಇಷ್ಟೇ ಆ ಮನುಷ್ಯನಿಗೆ ಬೇಕಾಗಿದ್ದದ್ದು. ಒಂದು ನಾಗರಿಕ ಸಮಾಜಕ್ಕೆ ಇಷ್ಟನ್ನೂ ಕೊಡಲಾಗಲಿಲ್ಲವೆಂದರೆ ನಾವು ಶಾಲೆಗಳಲ್ಲಿ ಕಲಿಸುತ್ತಿರುವುದಾದರೂ ಏನನ್ನು?

ಶತ್ರುವಿನ ಬಲವನ್ನು ತಿಳಿಯದೆ ಸೋಲಬಾರದೆಂದು ವಿಚಾರಣೆಯವರು ಸಂಜೆಯ ಕಂಪ್ಯೂಟರ್ ತರಗತಿಗೆ ಸೇರಿದರು. ಅಲ್ಲಿನ ಮೇಡಂಗೆ ಅವರ ಅರ್ಧದಷ್ಟು ವಯಸ್ಸು.

“ಈ ಯಂತ್ರಕ್ಕೆ ಬುದ್ಧಿ ಅನ್ನೋದೇ ಇಲ್ಲ ಸಾರ್,” ಎಂದು ಆಕೆ ಮೊದಲ ದಿನವೇ ಗುಟ್ಟು ಒಡೆದರು. “ಒಳಗಿರೋದೆಲ್ಲಾ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳು. ಉಗುರಿನಷ್ಟು ಜಾಗದಲ್ಲಿ ಕೋಟಿಗಟ್ಟಲೆ. ಕರೆಂಟ್ ಇದ್ರೆ ಒಂದು, ಇಲ್ಲದಿದ್ರೆ ಸೊನ್ನೆ. ಒಂದು ಅಂದ್ರೆ ಹೌದು, ಸೊನ್ನೆ ಅಂದ್ರೆ ಇಲ್ಲ. ಮೂರನೇ ಉತ್ತರ ಇಲ್ಲ.”

ವಿಚಾರಣೆಯವರಿಗೆ ಮೈ ಜುಮ್ಮೆಂದಿತು. ಜೀವಮಾನವೆಲ್ಲ ತಾವು ಮಾಡಿದ್ದೇ ಇದಲ್ಲವೆ?

ಮೇಡಂ ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬು, ಎರಡು ಸ್ವಿಚ್ಚುಗಳನ್ನು ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಜೋಡಿಸಿದರು. ಒಂದನ್ನು ಒತ್ತಿದರೆ ದೀಪ ಹತ್ತಲಿಲ್ಲ. ಎರಡನ್ನೂ ಒತ್ತಿದಾಗ ಹತ್ತಿತು. “ಇದು ‘ಮತ್ತು’ ಬಾಗಿಲು. ಇದೂ ಹೌದು ಮತ್ತು ಅದೂ ಹೌದು ಅಂದ್ರೆ ಮಾತ್ರ ಹೌದು. ಲೆಕ್ಕ ಮಾಡುವಾಗ ಕೈಯಲ್ಲಿ ಒಂದು ಅಂತ ಪಕ್ಕದ ಸಾಲಿಗೆ ದಾಟಿಸ್ತೀವಲ್ಲ, ಕಂಪ್ಯೂಟರ್ ಒಳಗೆ ಅದನ್ನ ದಾಟಿಸೋದೂ ಈ ಬಾಗಿಲೇ. ಇನ್ನೊಂದು ‘ಇಲ್ಲ’ ಬಾಗಿಲು, ಹೇಳಿದ್ದಕ್ಕೆ ಉಲ್ಟಾ ಹೇಳತ್ತೆ. ಮೂರನೇದು ‘ಅಥವಾ’. ಅದು ಮುಂದಿನ ಪಾಠ. ಈ ಮೂರು ಸೇರಿದ್ರೆ ಇಡೀ ಕಂಪ್ಯೂಟರ್.”

ಮುಂದಿನ ಪಾಠದ ಸಂಜೆ ವಿಚಾರಣೆಯವರಿಗೆ ಜ್ವರ ಬಂತು. ಕಂಬಳಿ ಹೊದ್ದು ಮಲಗಿದ್ದಾಗ, ತಪ್ಪಿಹೋದದ್ದರಲ್ಲಿ ಅಂಥ ನಷ್ಟವೇನಿಲ್ಲ ಎಂದು ಅವರಿಗೆ ಹೊಳೆಯಿತು. ‘ಅಥವಾ’ ಎಂಬುದು ಮನಸ್ಸು ಗಟ್ಟಿಯಿಲ್ಲದವರ ಮಾತು. ತತ್ತ್ವನಿಷ್ಠನಿಗೆ ಅದರಿಂದೇನು ಪ್ರಯೋಜನ? ಮೂರರಲ್ಲಿ ಎರಡು ಬಾಗಿಲು ಕಲಿತವರು ತರಗತಿಗೆ ಮತ್ತೆ ಹೋಗಲಿಲ್ಲ. ಅರ್ಧ ವಿದ್ಯೆಯ ಅಪಾಯವನ್ನು ಹಿರಿಯರು ಹೇಳಿದ್ದಾರೆ. ಮೂರರಲ್ಲಿ ಎರಡು ಪಾಲು ವಿದ್ಯೆಯ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಅದಕ್ಕೆ ಆತ್ಮವಿಶ್ವಾಸ ಹೆಚ್ಚು.

ಅವರು ಬಾಡಿಗೆಗಿದ್ದದ್ದು ಮೂರು ಅಂತಸ್ತಿನ ಸಣ್ಣ ಕಟ್ಟಡದ ನೆಲಮನೆಯಲ್ಲಿ. ಮಧ್ಯದ ಮನೆಯಲ್ಲಿ, ಮನೆಯಲ್ಲೇ ಹೊಲಿಯುವ ಟೈಲರು, ಅವನ ಹೆಂಡತಿ, ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅವನ ಮಾವ. ತುದಿಯ ಮನೆಯಲ್ಲಿ ಒಂಟಿಯಾಗಿ ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾದವರು, ಮಂಡಿನೋವಿನಿಂದ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದರು. ಮೂರು ಮನೆಗೂ ಬೀದಿಗೆ ಒಂದೇ ಬಾಗಿಲು. ಟೈಲರನ ಸೈಕಲ್ಲು ಕಳುವಾದ ಮೇಲೆ ಮನೆ ಮಾಲೀಕರು ಬಂದು, ಸಂಜೆ ದೀಪ ಹಚ್ಚಿದ ಮೇಲೆ ಬಾಗಿಲಿಗೆ ಕರೆಂಟಿನ ಬೀಗ ಎಂದು ಸಾರಿದರು. ಹೊರಗೆ ಬೆಲ್ಲು, ಒಳಗೆ ಒಂದೊಂದು ಮನೆಗೂ ಒಂದು ಗುಂಡಿ. ಬೀಗದ ಕೈ ಯಾರಿಗೂ ಇಲ್ಲ. ಹಿಂದಿನ ಬೀಗದ ನಕಲು ಕೈಗಳು ಹಾಲಿನವನ ಬಳಿಯೂ ಸಿಕ್ಕಿದ್ದವು. ಒಳಗಿನಿಂದ ಹೊರಹೋಗಲು ಮಾತ್ರ ಬಾಗಿಲಿಗೇ ಒಂದು ಹಿಡಿ.

“ಗುಂಡಿಗಳ ಜೋಡಣೆ ನನಗೆ ಬಿಡಿ,” ಎಂದರು ವಿಚಾರಣೆಯವರು. “ನಾನು ಕಂಪ್ಯೂಟರ್ ಓದಿದೀನಿ.”

ಮಾಲೀಕರು ಬಿಟ್ಟರು. ವಿಚಾರಣೆಯವರು ಬರೆದುಕೊಟ್ಟ ಚಿತ್ರವನ್ನು ಎಲೆಕ್ಟ್ರಿಷಿಯನ್ ತಿರುಗಾಮುರುಗಾ ಮಾಡಿ ನೋಡಿದ.

“ಸಾರ್, ಮೂರು ಗುಂಡೀನೂ ಒಂದರ ಹಿಂದೊಂದು ಹಾಕಿದೀರಿ. ಹೀಗಾದ್ರೆ ಮೂರೂ ಮನೆಯೋರು ಒಟ್ಟಿಗೆ ಒತ್ತಬೇಕಾಗತ್ತೆ.”

ಬೇರೆ ಯಾವ ರೀತಿ ಜೋಡಿಸಬಹುದೆಂಬುದು ವಿಚಾರಣೆಯವರಿಗೆ ತಿಳಿದಿರಲಿಲ್ಲ. ಅದು ಜ್ವರದಲ್ಲಿ ಹೋಗಿತ್ತು. ಆದರೆ ತಿಳಿಯದು ಎಂಬ ಉತ್ತರ ಅವರ ಬಾಯಿಗೆ ಅಭ್ಯಾಸವಿರಲಿಲ್ಲ.

“ಒತ್ತಲಿ,” ಎಂದರು. “ಬಾಗಿಲು ಮೂವರದ್ದು. ಒಬ್ಬರು ಹೇಳಿದ ಮಾತ್ರಕ್ಕೆ ತೆಗೆಯೋಕೆ ಇದೇನು ಛತ್ರವಾ?”

“ನಿಮ್ಮಿಷ್ಟ ಸಾರ್. ನಂಗೇನು, ಎರಡು ಸಲ ಕರೆದ್ರೂ ಬರ್ತೀನಿ,” ಎಂದು ಅವನು ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡ.

ಮೊದಲು ಸಿಕ್ಕಿಬಿದ್ದವರು ಮಾಲೀಕರೇ. ಸಂಜೆ ಬಂದು ಬೆಲ್ಲು ಒತ್ತಿದರು. ಮೂರೂ ಮನೆಯಲ್ಲಿ ಬೆಲ್ಲು ಬಡಿಯಿತು. ಟೈಲರನ ಹೆಂಡತಿ ಗುಂಡಿ ಒತ್ತಿದಳು, ಬಾಗಿಲು ಮಿಸುಕಲಿಲ್ಲ, ಬಿಟ್ಟಳು. ಆಗ ನರ್ಸಮ್ಮ ಒತ್ತಿದರು, ಮಿಸುಕಲಿಲ್ಲ, ಬಿಟ್ಟರು. ವಿಚಾರಣೆಯವರಂತೂ ಒತ್ತಿದ ಬೆರಳನ್ನು ತೆಗೆಯದೆ ನಿಂತೇ ಇದ್ದರು. ತಮ್ಮದೇ ಕಟ್ಟಡದ ಮುಂದೆ ಕಾಲುಗಂಟೆ ನಿಂತ ಮಾಲೀಕರು ಕೊನೆಗೆ ಟೈಲರು ಇಳಿದುಬಂದು ತೆಗೆದಾಗ ಒಳಗೆ ಬಂದು, “ಏನ್ರೀ ಇದು?” ಎಂದರು.

“ನೀವೇ ಬರೋಕಾಗಲಿಲ್ಲ ಅಂದ್ಮೇಲೆ ಕಳ್ಳ ಬರ್ತಾನಾ?” ಎಂದರು ವಿಚಾರಣೆಯವರು.

ಮಾಲೀಕರು ತಲೆ ಕೆರೆದುಕೊಂಡು ಹೋದರು.

ಅಂದಿನಿಂದ ಆ ಮೆಟ್ಟಿಲುಗಳ ಮೇಲೆ ಹಿಂದೆಂದೂ ಕೇಳದ ಧ್ವನಿಗಳು ಓಡಾಡತೊಡಗಿದವು. ಬೆಲ್ಲು ಬಡಿದೊಡನೆ ತುದಿಯ ಮನೆಯಿಂದ ನರ್ಸಮ್ಮ ಕೂಗುವರು: “ಟೈಲರಮ್ಮಾ, ಒತ್ತಿದ್ಯಾ?” “ಒತ್ತಿದೀನಿ ಅಮ್ಮಾ.” “ಕೆಳಗಿನೋರೇ, ಒತ್ತಿದ್ರಾ?” “ಒತ್ತಿದೀನಿ ನರ್ಸಮ್ಮ.” ಟಕ್ ಎಂದು ಬೀಗ ಬಿಚ್ಚುವುದು. ವರ್ಷಗಟ್ಟಲೆ ನೀರಿನ ನಲ್ಲಿಯ ವಿಷಯಕ್ಕಲ್ಲದೆ ವಿಚಾರಣೆಯವರನ್ನು ಮಾತಾಡಿಸದಿದ್ದ ಕಟ್ಟಡ ಈಗ ಸಂಜೆಯಾದರೆ ಹಲವು ಸಲ ಅವರನ್ನು ಒಂದು ಪ್ರಶ್ನೆ ಕೇಳುತ್ತಿತ್ತು. ಅವರು ಸಂಜೆಯ ತಿರುಗಾಟ ಬಿಟ್ಟರು. ಬೆಲ್ಲು ಕೇಳಿಸದೆ ಹೋದೀತೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟು ಸ್ನಾನ ಮಾಡತೊಡಗಿದರು. ಊಟದ ತಟ್ಟೆಯೂ ಗುಂಡಿಯ ಕೆಳಗೇ ಬಂತು. ಬಲಗೈ ಊಟಕ್ಕೆ, ಎಡಗೈ ಕರ್ತವ್ಯಕ್ಕೆ.

ಒಂದು ದಿನ ಬೆಲ್ಲಿಲ್ಲದ ಹೊತ್ತಿನಲ್ಲೇ ನರ್ಸಮ್ಮ ಮೇಲಿನಿಂದ ಕೇಳಿದರು. “ಕೆಳಗಿನೋರೇ, ಕಂಪ್ಯೂಟರ್ ಒಳಗೂ ಹೀಗೇನಾ?”

ವಿಚಾರಣೆಯವರು ಮೆಟ್ಟಿಲ ಬುಡಕ್ಕೆ ಬಂದು ಕತ್ತೆತ್ತಿದರು. “ಹೀಗೇ ನರ್ಸಮ್ಮ. ಕೋಟಿಗಟ್ಟಲೆ ಬಾಗಿಲು. ಒಂದು ಬಾಗಿಲು ಹೇಳಿದ್ದು ಇನ್ನೊಂದಕ್ಕೆ ಬೆಲ್ಲು. ಅದು ಹೇಳಿದ್ದು ಮತ್ತೊಂದಕ್ಕೆ. ಹಾಗೇ ಹೋಗಿ ಹೋಗಿ ಕೊನೆಗೆ ಪರದೆ ಮೇಲೆ ಬಸ್ಸಿನ ಟೈಮು.”

“ಅಷ್ಟೊಂದು ಮನೆಗಳಾ? ಒಬ್ಬರನ್ನೊಬ್ಬರು ಮಾತಾಡಿಸ್ತಾವಾ?”

“ಹೌದು, ಇಲ್ಲ ಅಂತಾವೆ. ಅಷ್ಟೇ.”

“ಅಷ್ಟಾದ್ರೂ ಅಂತಾವಲ್ಲ,” ಎಂದು ನರ್ಸಮ್ಮ ಬಾಗಿಲು ಹಾಕಿಕೊಂಡರು.

ಜನಗಣತಿಯವನು ಬಂದ ಸಂಜೆ ಟೈಲರನ ಮಾವ ಮಲಗಿಬಿಟ್ಟಿದ್ದ, ಮಗಳು ಅಳಿಯ ದಿನಸಿ ಅಂಗಡಿಗೆ ಹೋಗಿದ್ದರು. ನರ್ಸಮ್ಮ ಕೂಗಿ ಕೂಗಿ ಮಾವನನ್ನು ಎಬ್ಬಿಸಿ, ಅವನು ಕುಂಟುತ್ತಾ ಗುಂಡಿ ಮುಟ್ಟುವ ಹೊತ್ತಿಗೆ ಬೀದಿಯಲ್ಲಿ ಸರ್ಕಾರದ ತಾಳ್ಮೆ ಮುಗಿದಿತ್ತು.

“ಈ ಮನೆಗೆ ಬರೋದಕ್ಕಿಂತ ಜೈಲಿಗೆ ಹೋಗೋದು ಸುಲಭ ಕಣ್ರೀ,” ಎನ್ನುತ್ತಾ ಅವನು ನೆಲಮನೆಯ ಕುರ್ಚಿಯಲ್ಲಿ ಕೂತ. “ಮನೇಲಿ ಎಷ್ಟು ಜನ?”

“ಒಬ್ಬ.”

“ಹೆಂಡತಿ?”

“ಇಲ್ಲ.”

“ಮಕ್ಕಳು?”

“ಇಲ್ಲ.”

“ಜೊತೇಲಿ ಯಾರಾದ್ರೂ? ತಂದೆ, ತಾಯಿ, ಆಳು?”

“ಇಲ್ಲ.”

“ಭೇಷ್. ಇಷ್ಟು ಚೊಕ್ಕಟವಾಗಿ ಯಾರೂ ಉತ್ತರ ಕೊಟ್ಟಿಲ್ಲ,” ಎಂದು ಅವನು ಎದ್ದ.

ವಿಚಾರಣೆಯವರು ಅವನ ಹಿಂದೆಯೇ ಬಾಗಿಲವರೆಗೆ ಬಂದರು. “ಇನ್ನೇನಾದ್ರೂ ಕೇಳೋದಿತ್ತಾ? ಟೀ ಮಾಡ್ತೀನಿ. ಕುಡೀತಾ ಕೇಳಿ.”

“ಕೇಳೋದೆಲ್ಲಾ ಮುಗೀತು ಸಾರ್,” ಎಂದು ಅವನು ಟೈಲರನ ಮನೆಗೆ ಹತ್ತಿಹೋದ. ಅಲ್ಲಿಂದ ಬಹಳ ಹೊತ್ತು ನಗು ಕೇಳಿಸುತ್ತಿತ್ತು.

ಟೈಲರನ ಗಿರಾಕಿಗಳು ಮಾತ್ರ ಕಡಿಮೆಯಾಗುತ್ತ ಬಂದರು. “ಪ್ಯಾಂಟಿನ ಕಾಲು ಒಂದಿಂಚು ಮಡಚೋದಕ್ಕೆ ಮೂರು ಮನೆ ಒಪ್ಪಿಗೆ ತಗೋಬೇಕಾ?” ಎಂದು ಅವನು ಹಲ್ಲು ಕಡಿದ. ವಿಚಾರಣೆಯವರು ಒಮ್ಮತದ ಮಹತ್ವವನ್ನು ಕುರಿತು ಅವನಿಗೆ ಒಂದು ಸಣ್ಣ ಭಾಷಣವನ್ನೇ ಮಾಡಿದರು. ಭಾಷಣ ನಿಜವೇ ಆಗಿತ್ತು. ಅದರ ಮೂಲದಲ್ಲಿ ಒಂದು ಜ್ವರವಿತ್ತೆಂಬುದರಿಂದ ಅದರ ಸತ್ಯಕ್ಕೆ ಕುಂದು ಬರುವುದಿಲ್ಲ.

ಹೀಗಿರುವಾಗ ಊರಿನ ಇನ್ನೊಂದು ತುದಿಯಲ್ಲಿದ್ದ ತಂಗಿ, “ಅಣ್ಣಾ, ಮುಖ ನೋಡಿ ಎಷ್ಟು ದಿನ ಆಯ್ತು, ಊಟಕ್ಕೆ ಬಾ,” ಎಂದು ಕರೆದಳು. ವಿಚಾರಣೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊಬೈಲನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ಅದು ಬಡಿಯುವ ವಸ್ತುವೆಂಬುದು ಅವರಿಗೆ ಮರೆತೇಹೋಗಿತ್ತು.

ಊಟ ಚೆನ್ನಾಗಿತ್ತು. ಊಟವಾದ ಮೇಲೆ ಅವರು ಎರಡು ಚಮಚ, ಒಂದು ಲೋಟ ಇಟ್ಟುಕೊಂಡು ‘ಮತ್ತು’ ಬಾಗಿಲನ್ನು ವಿವರಿಸತೊಡಗಿದರು. ತಂಗಿ ಪಾತ್ರೆ ತೊಳೆಯಲು ಎದ್ದಳು. ಅವಳ ಗಂಡ ಆಕಳಿಸಿ, “ಭಾವ, ನಿಮ್ಮ ಕಡೆಗೆ ಬಸ್ಸು ಎಷ್ಟೊತ್ತಿಗಿದೆ?” ಎಂದ.

ಪ್ರಶ್ನೆ. ಅದೂ ತಮ್ಮ ಕ್ಷೇತ್ರದ್ದು. ವಿಚಾರಣೆಯವರ ಬೆನ್ನು ನೆಟ್ಟಗಾಯಿತು. “ಈಗ ಒಂದಿದೆ. ಇದು ತಪ್ಪಿದ್ರೆ ಅರ್ಧ ಗಂಟೆಗೊಂದು. ನೇರದ್ದು ಬೇಕಂದ್ರೆ ಈಗಿನದ್ದೇ.”

“ಹಾಗಾದ್ರೆ ಈಗಿನದ್ದು ಸಿಗತ್ತೆ,” ಎಂದು ಅವನು ಎದ್ದು ಅವರ ಚಪ್ಪಲಿಯನ್ನು ಕಾಲಿನಿಂದ ಇತ್ತ ಸರಿಸಿದ.

ಏನನ್ನು ಕೇಳಲಾಯಿತೆಂಬುದು ವಿಚಾರಣೆಯವರಿಗೆ ಬಸ್ಸು ಹತ್ತಿ ಕೂತ ಮೇಲೆ ಅರ್ಥವಾಯಿತು.

ಇತ್ತ ಅವರ ಬೀದಿಯಲ್ಲಿ ಒಂದು ಸೋಫಾ ಬಂದಿಳಿದಿತ್ತು. ಟೈಲರನ ಹೆಂಡತಿ ವರ್ಷಗಳಿಂದ ಆಸೆಪಟ್ಟದ್ದು, ನೀಲಿ ಬಣ್ಣದ್ದು. ಅದನ್ನು ಎತ್ತಲು ಟೈಲರು, ಹೆಂಡತಿ, ಗಾಡಿಯವನು ಮೂವರೂ ಹೊರಗೆ ಬಂದರು. ಬಾಗಿಲಿಗೆ ಅಡ್ಡವಿಟ್ಟಿದ್ದ ಇಟ್ಟಿಗೆ ಸೋಫಾದ ಕಾಲು ತಾಗಿ ಉರುಳಿತು. ಬಾಗಿಲು ಮೆಲ್ಲನೆ ಹಿಂದಕ್ಕೆ ಬಂದು ಟಕ್ ಎಂದು ಮುಚ್ಚಿಕೊಂಡಿತು. ಬೆಲ್ಲು ಒತ್ತಿದರು. ಮಧ್ಯದ ಮನೆಯಲ್ಲಿ ಪ್ಲಾಸ್ಟರಿನ ಕಾಲಿನ ಮಾವ ಗುಂಡಿ ಒತ್ತಿದ: ಒಂದು. ತುದಿಯ ಮನೆಯಲ್ಲಿ ಮಂಡಿನೋವಿನ ನರ್ಸಮ್ಮ ಒತ್ತಿದರು: ಒಂದು. ನೆಲಮನೆಯಲ್ಲಿ ಯಾರೂ ಇಲ್ಲ: ಸೊನ್ನೆ. ‘ಮತ್ತು’ ಬಾಗಿಲಿನ ನ್ಯಾಯ ಕಠೋರ. ಒಂದು ಸೊನ್ನೆಯ ಮುಂದೆ ಎಷ್ಟು ಒಂದುಗಳು ಕೈಮುಗಿದು ನಿಂತರೂ ಉತ್ತರ ಸೊನ್ನೆಯೇ. ಒಳಗಿದ್ದ ಇಬ್ಬರಿಗೂ ಮೆಟ್ಟಿಲಿಳಿದು ಹಿಡಿ ತಿರುಗಿಸುವ ಶಕ್ತಿಯಿರಲಿಲ್ಲ, ಶಕ್ತಿಯಿದ್ದವರೆಲ್ಲ ಹೊರಗಿದ್ದರು. ಟೈಲರು ಫೋನು ಮಾಡಿದ. ಮುಚ್ಚಿದ ಬಾಗಿಲಿನ ಆಚೆ, ಕತ್ತಲ ಕೋಣೆಯಲ್ಲಿ, ವಿಚಾರಣೆಯವರ ಫೋನು ಬಡಿದೇ ಬಡಿಯಿತು.

ಅಷ್ಟರಲ್ಲಿ ತುಂತುರು ಹನಿಯಿತು.

ಬಸ್ಸಿಳಿದು ತಿರುವು ದಾಟಿದ ವಿಚಾರಣೆಯವರು ಕಂಡ ದೃಶ್ಯ ಇದು: ನಡುಬೀದಿಯಲ್ಲಿ ಒಂದು ನೀಲಿ ಸೋಫಾ, ಅದರ ಮೇಲೆ ಕೊಡೆ ಹಿಡಿದು ಟೈಲರನ ಹೆಂಡತಿ, ಪಕ್ಕದಲ್ಲಿ ತಲೆಯ ಮೇಲೆ ಗೋಣಿಚೀಲ ಹೊದ್ದ ಗಾಡಿಯವನು, ಸುತ್ತ ಬೀದಿಯ ಜನ, ಸಲಹೆಗಳ ಸಮೇತ. ಮೇಲಿನ ಎರಡು ಕಿಟಕಿಗಳಲ್ಲಿ ಎರಡು ತಲೆಗಳು. ಅವರನ್ನು ಕಂಡೊಡನೆ ಅಷ್ಟೂ ಮುಖಗಳು ಒಟ್ಟಿಗೆ ತಿರುಗಿದವು.

“ಎಲ್ಲಿ ಹಾಳಾಗಿ ಹೋಗಿದ್ರಿ?” ಎಂದ ಟೈಲರು.

“ಎಷ್ಟೊತ್ತಿಂದ ಕಾಯ್ತಿದೀವಿ ಗೊತ್ತಾ ನಿಮಗೆ?” ಎಂದಳು ಅವನ ಹೆಂಡತಿ.

“ಬಂದ್ರಾ? ಬಂದ್ರಾ?” ಎಂದರು ಮೇಲಿನಿಂದ ನರ್ಸಮ್ಮ.

ವಿಚಾರಣೆಯವರು ನಿಂತಲ್ಲೇ ನಿಂತರು. ಬೈಗುಳವೆಂಬುದು ಅವರಿಗೂ ಗೊತ್ತಾಗುತ್ತಿತ್ತು. ಆದರೂ ತಮ್ಮ ದಾರಿ ಕಾಯುತ್ತ ಒಂದು ಬೀದಿಗೆ ಬೀದಿಯೇ ಮಳೆಯಲ್ಲಿ ನಿಂತದ್ದು ಅವರ ಬಾಳಿನಲ್ಲಿ ಇದೇ ಮೊದಲು. “ತಂಗಿ ಮನೆಗೆ ಹೋಗಿದ್ದೆ,” ಎಂದರು. “ಇರು ಇರು ಅಂದ್ರು.” ಅವರು ಆಡಿದ ಸುಳ್ಳುಗಳಲ್ಲಿ ಇದು ಎಷ್ಟನೆಯದೋ, ಬಹುಶಃ ಮೊದಲನೆಯದು.

“ಸರಿ, ಬಾಗಿಲು ತೆಗೀರಿ.”

“ನನ್ನ ಗುಂಡಿ ಒಳಗಿದೆ. ನಾನು ಹೊರಗಿದೀನಿ.”

“ಕಲ್ಲು ತಗೊಂಡು ಕಿಟಕಿ ಒಡೀತೀನಿ,” ಎಂದ ಗಾಡಿಯವನು.

“ಒಡೀಬೇಡಿ. ಅಡುಗೆಮನೆ ಕಿಟಕಿ ಚಿಲಕ ನಿಲ್ಲಲ್ಲ. ತಳ್ಳಿದ್ರೆ ತೆರೆಯತ್ತೆ, ಸರಳೂ ಇಲ್ಲ.”

ಟೈಲರು ಕೆಂಡವಾದ. “ಇಷ್ಟು ದಿನ ಒಂದು ಮಾತು ಹೇಳಬಾರದಿತ್ತಾ?”

“ಯಾರೂ ಕೇಳಲಿಲ್ಲ.”

ಕಟ್ಟಡದ ಪಕ್ಕದ ಸಂದಿಯಲ್ಲಿ ಅವರನ್ನು ಕಿಟಕಿಗೆ ಎತ್ತಿದರು. ಒಬ್ಬ ಕಾಲು ಹಿಡಿದ, ಒಬ್ಬ ಸೊಂಟ ಹಿಡಿದ, ಟೈಲರು ಹೆಗಲು ಕೊಟ್ಟ. ಮನುಷ್ಯರ ಕೈ ಮೈಗೆ ತಾಗಿ ಎಷ್ಟೋ ಕಾಲವಾಗಿದ್ದ ವಿಚಾರಣೆಯವರು, ಅರ್ಧ ಒಳಹೋಗಿ ಸಿಕ್ಕಿಕೊಂಡಾಗ, “ನಿಧಾನ, ನಿಧಾನ, ಅವಸರ ಇಲ್ಲ,” ಎನ್ನುತ್ತಿದ್ದರಂತೆ.

ಒಳಗಿಳಿದವರು ಬೀದಿಬಾಗಿಲ ಬಳಿ ಹೋಗಿ ಹಿಡಿ ತಿರುಗಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಹಿಡಿ ಇರುವುದು ಹೊರಗೆ ಹೋಗಲಿಕ್ಕೆ, ಒಳಗೆ ಕರೆಯಲಿಕ್ಕಲ್ಲ. ಅವರು ತಮ್ಮ ಗುಂಡಿಯ ಮುಂದೆ ನಿಂತು ಒತ್ತಿ ಹಿಡಿದರು.

“ಕೆಳಗಿನೋರೇ, ಒತ್ತಿದ್ರಾ?”

“ಒತ್ತಿದೀನಿ ನರ್ಸಮ್ಮ.”

ಟಕ್.

ಮಾರನೆಯ ದಿನವೇ ಎಲೆಕ್ಟ್ರಿಷಿಯನ್ ಎರಡನೆಯ ಸಲ ಬಂದ. ಒಂದರ ಹಿಂದೊಂದು ಇದ್ದ ಗುಂಡಿಗಳನ್ನು ಬಿಚ್ಚಿ, ಅಕ್ಕಪಕ್ಕದಲ್ಲಿ ಬೇರೆ ಬೇರೆ ತಂತಿಗೆ ಹಾಕಿದ.

“ಇದೇ ‘ಅಥವಾ’ ನಾ?” ಎಂದು ಕೇಳಿದರು ವಿಚಾರಣೆಯವರು, ಮೆಲ್ಲಗೆ.

“ಹೆಸರು ಗೊತ್ತಿಲ್ಲ ಸಾರ್. ಮೂವರಲ್ಲಿ ಯಾರು ಒತ್ತಿದ್ರೂ ತೆರೆಯತ್ತೆ.”

“ಮೇಲಿನೋರು ಒತ್ತಿದ ಮೇಲೆ ನಾನೂ ಒತ್ತಿದ್ರೆ?”

“ಏನೂ ಆಗಲ್ಲ. ತೆರೆದೇ ಇರತ್ತೆ.”

“ಒತ್ತದಿದ್ರೆ?”

“ಆಗಲೂ ಏನೂ ಆಗಲ್ಲ ಸಾರ್. ಹಾಯಾಗಿರಿ.”

ಅವರು ಹಾಯಾಗಿದ್ದರು. ಗಿರಾಕಿಗಳು ಟೈಲರನಿಗೆ ಮರಳಿ ಬಂದರು. ಬೆಲ್ಲು ಬಡಿಯುವ ಮೊದಲೇ ಎಂಬಂತೆ ಅವನ ಹೆಂಡತಿ ನೀಲಿ ಸೋಫಾದ ಮೇಲೆ ಕೂತಲ್ಲಿಂದಲೇ ಕೈಚಾಚಿ ಗುಂಡಿ ಒತ್ತುವಳು, ಟಕ್, ಹೆಜ್ಜೆಗಳು ನೆಲಮನೆಯ ಮುಂದೆ ಹಾದು ಮೇಲೇರುವವು. ಮೆಟ್ಟಿಲುಗಳ ಮೇಲೆ ಯಾರೂ ಯಾರನ್ನೂ ಏನನ್ನೂ ಕೇಳಲಿಲ್ಲ. ಊಟದ ತಟ್ಟೆ ಮೇಜಿಗೆ ಮರಳಿತು. ನಲ್ಲಿಯನ್ನು ಎಷ್ಟು ಜೋರಾಗಿ ಬೇಕಾದರೂ ಬಿಡಬಹುದಿತ್ತು. ಇದನ್ನು ಜನ ಅನುಕೂಲವೆನ್ನುತ್ತಾರೆ. ಯಾರ ಬೆರಳೂ ಅನಿವಾರ್ಯವಲ್ಲದ ವ್ಯವಸ್ಥೆಯನ್ನು ಅನುಕೂಲವೆಂದು ಕರೆಯುವ ಕಾಲದಲ್ಲಿ ನಾವಿದ್ದೇವೆ, ಇರಲಿ.

ಒಂದು ಸಂಜೆ ವಿಚಾರಣೆಯವರು ಊಟಕ್ಕೆ ಕೂತಿದ್ದರು. ಬೆಲ್ಲು ಬಡಿಯಿತು. ಟಕ್ ಎಂದು ಬಾಗಿಲು ತೆರೆಯಿತು. ಯಾರದೋ ಬೂಟುಗಳು ಟೈಲರನ ಮನೆಗೆ ಹತ್ತಿದವು. ಮೇಲೆ ಬಾಗಿಲು ಮುಚ್ಚಿತು. ಮೆಟ್ಟಿಲು ಮತ್ತೆ ನಿಶ್ಶಬ್ದವಾಯಿತು. ಬಹಳ ಹೊತ್ತು ಕಳೆದ ಮೇಲೆ, ತುದಿಯ ಮನೆಯಿಂದ ಧ್ವನಿಯೊಂದು ತಡೆತಡೆದು ಇಳಿದು ಬಂತು.

“ಕೆಳಗಿನೋರೇ, ಒತ್ತಿದ್ರಾ?”

ಬೀದಿಯಲ್ಲಿ ಯಾರೂ ಇರಲಿಲ್ಲ. ಒತ್ತುವ ಅಗತ್ಯವಿರಲಿಲ್ಲ. ಅವರು ಒತ್ತಿಯೂ ಇರಲಿಲ್ಲ. ಸರಿಯಾದ ಉತ್ತರ ಸೊನ್ನೆ. ಬಾಯಲ್ಲಿದ್ದ ತುತ್ತನ್ನು ನುಂಗಿ ವಿಚಾರಣೆಯವರು, “ಒತ್ತಿದೀನಿ ನರ್ಸಮ್ಮ,” ಎಂದರು. ಸುಳ್ಳು ಸುಳ್ಳೇ, ಅದನ್ನು ಸಮರ್ಥಿಸುವುದು ಈ ಲೇಖನಿಯಿಂದಾಗದು. ಆದರೆ ಅದು ಹೆಚ್ಚು ಹೊತ್ತು ಸುಳ್ಳಾಗಿ ಉಳಿಯಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ದಾಖಲಿಸಬೇಕು. ಅವರು ಎಂಜಲುಗೈಯನ್ನು ಎತ್ತಿ ಹಿಡಿದು, ಎದ್ದು ಓಡಿ, ಎಡಗೈಯಿಂದ ಗುಂಡಿಯನ್ನು ಒತ್ತಿ ಹಿಡಿದರು.

ಬೀದಿಬಾಗಿಲ ಬೀಗ ಟಕ್ ಎಂದಿತು. ಬಾಗಿಲು ಯಾರಿಗೋ ಎಂಬಂತೆ ಒಂದಿಷ್ಟು ತೆರೆದುಕೊಂಡಿತು. ಖಾಲಿ ಬೀದಿಯಿಂದ ತಣ್ಣನೆಯ ಗಾಳಿ ಒಳಗೆ ಬಂತು.

“ಸರಿ ಹಾಗಾದ್ರೆ,” ಎಂದರು ಮೇಲಿನಿಂದ ನರ್ಸಮ್ಮ.